ಚಲಪತಿ ಬರೆದ ಹಡಗು

ನನ್ನ ತಮ್ಮ ಚಲಪತಿ ಸಮುದ್ರ ನೋಡಿದವನಲ್ಲ. ಆದರೂ ಎಂಬತ್ತೈದರಲ್ಲಿ, ಚಿಂತಾಮಣಿಯ ಕಡೆ ಡ್ರಾಯಿಂಗ್ ಮೇಷ್ಟ್ರಾದ ವರ್ಷ, ನೀರುಬಣ್ಣದಲ್ಲಿ ಒಂದು ಹಾಯಿಹಡಗು ಬರೆದು ನಮ್ಮೂರು ಮಂಡಿಕಲ್ಲಿನ ಮನೆಗೆ ತಂದ. ಮುಂದೆ ನವಿಲಿನ ಕತ್ತು, ವೀಳ್ಯದೆಲೆಯಂಥ ಹಾಯಿಗಳು, ಅಡಿಯಲ್ಲಿ ನೀರಿನ ಬದಲು ಮೋಡ. ನೀಲಿ ಎಲ್ಲಿ ಮುಗಿದು ಬೆಳಕು ಎಲ್ಲಿ ಶುರುವಾಗುತ್ತದೆಂದು ಕಣ್ಣಿಗೆ ಸಿಗುತ್ತಿರಲಿಲ್ಲ.

ಭಜನೆಮನೆಯಲ್ಲಿ ಕಾವ್ಯ ಓದಿಸುವಾಗ ಕಂಬಕ್ಕೊರಗಿ ಕೇಳುವ ಅಮ್ಮ, ಚಿತ್ರವನ್ನೂ ಹಾಗೆಯೇ ನೋಡಿದಳು. ಬಹಳ ಹೊತ್ತು.

"ಹಡಗಿಗೆ ಕೊಕ್ಕು ಯಾಕಪ್ಪಾ? ರಾಗಿ ತಿಂತದಾ?"

"ದೂರದ ದಾರಿ ಕಣಮ್ಮ. ಹಸಿವಾಗಲ್ವಾ ಅದಕ್ಕೆ?"

"ಅಡಿಗೆ ಮಾಡೋಕೆ ಯಾರನ್ನೂ ಕೂರಿಸಿಲ್ವಲ್ಲೋ!"

"ನೀನೇ ಬಾ ಮತ್ತೆ."

ಎರಡು ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡ. ಅಮ್ಮ ಹಡಗನ್ನು ದೇವರ ಪಟಗಳ ಸಾಲಿನಲ್ಲಿ ಅಂಟಿಸಿದಳು. ಗಾಜಿನ ಕಟ್ಟು ಹಾಕಿಸೋಣವೆಂದೆ. "ಬೇಡ, ಮುಟ್ಟೋಕಾಗಲ್ಲ" ಎಂದಳು.

ಶುಕ್ರವಾರ ಪಟ ಒರೆಸುವುದು ನನ್ನ ಕೆಲಸ. ಹಡಗಿನ ಹತ್ತಿರಕ್ಕೆ ನೀರು ತರುತ್ತಿರಲಿಲ್ಲ. ಮೂರು ವರ್ಷದ ಮೇಲೆ ಒಂದು ಶುಕ್ರವಾರ ನನಗೆ ಜ್ವರ. ಅಮ್ಮನೇ ಒದ್ದೆ ಬಟ್ಟೆ ಹಿಡಿದಳು. ವೆಂಕಟರಮಣನನ್ನು ಒರೆಸಿ ಕುಂಕುಮವಿಟ್ಟಳು, ಲಕ್ಷ್ಮಿಯನ್ನು ಒರೆಸಿ ಕುಂಕುಮವಿಟ್ಟಳು, ಆಮೇಲೆ ಹಡಗು.

ನಾನು ಎದ್ದು ಬರುವಷ್ಟರಲ್ಲಿ ನವಿಲಿನ ಕತ್ತಿಲ್ಲ, ಹಾಯಿಯಿಲ್ಲ. ಬೂದುಬಣ್ಣದ ಒಂದು ಕಲೆ ಗೋಡೆಗುಂಟ ಇಳಿಯುತ್ತಿತ್ತು.

"ಅಯ್ಯೋ, ಏನಮ್ಮಾ ಮಾಡಿದೆ!"

"ಎಲ್ಲಾ ದೇವ್ರಿಗೂ ಒರೆಸಿದ್ನಲ್ಲೇ. ಇವನೊಬ್ಬನ್ನ ಧೂಳಲ್ಲಿ ಬಿಡೋದಾ?"

ಹೇಳುತ್ತ ಹೇಳುತ್ತಲೇ ಕೈಯಲ್ಲಿದ್ದ ಬಟ್ಟೆ ನೋಡಿಕೊಂಡಳು. ಪೂರಾ ನೀಲಿ. ಬಟ್ಟೆಯನ್ನು ಚೊಂಬಿನೊಳಕ್ಕೆ, ಒಂದು ಹನಿಯೂ ನೆಲಕ್ಕೆ ಬೀಳದಂತೆ ಹಿಂಡಿದಳು. ಗಿಡದ ಬುಡಕ್ಕೆ ಹಾಕೋಣವೆಂದು ನಾನು ಕೈ ಚಾಚಿದೆ. ಕೊಡಲಿಲ್ಲ.

"ಅವತ್ತು ಗಂಡಸರೇ ಹೋದ್ರು. ಹೆಂಗಸ್ರು ಬರಬಾರ್ದು ಅಂತ ಬಾಗಿಲಲ್ಲೇ ನಿಲ್ಸಿದ್ರು ನನ್ನ. ಬೂದಿ ಎಲ್ಲಿ ಬಿಟ್ರು, ಹೆಂಗೆ ಬಿಟ್ರು, ಏನೂ ನೋಡ್ಲಿಲ್ಲ ಕಣೇ ನಾನು."

ತಲೆಗೆ ಸೆರಗು ಹೊದ್ದು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕೆರೆಯ ಕಡೆ ನಡೆದಳು. ಜ್ವರದಲ್ಲೇ ನಾನೂ ಹಿಂದೆ ಹೋದೆ. ದಾರಿಯಲ್ಲಿ ಪಕ್ಕದ ಮನೆಯ ಆಂಜಿನಮ್ಮ, "ಇಷ್ಟು ಬೆಳಗ್ಗೆ ಎಲ್ಲಿಗಕ್ಕಾ, ತಾಯಿ ಮಗಳು?" ಎಂದಳು. ಅಮ್ಮ ತಿರುಗಿ ನೋಡಲಿಲ್ಲ.

ಮೊಣಕಾಲುದ್ದ ನೀರಿಗಿಳಿದು ಚೊಂಬು ಬಗ್ಗಿಸಿದಳು. ಕೆರೆಯ ಕೆಂಪು ನೀರಿನಲ್ಲಿ ನೀಲಿ ಎಲ್ಲಿ ಹೋಯಿತೋ, ಒಂದು ಗೆರೆಯೂ ಕಾಣಲಿಲ್ಲ. "ಹೋದ್ನಾ?" ಎಂದು ನನ್ನನ್ನು ಕೇಳಿದಳು.

"ಹೋದ ಕಣಮ್ಮ."

ಆಗ ಗಂಟಲು ಬಿಚ್ಚಿ ಅತ್ತಳು. ನಾನು ನೀರಿಗಿಳಿದು ಅವಳ ಪಕ್ಕ ನಿಂತೆ.