ಕಪ್ಪು ಗಾಜಿನ ಎಳೆ

"ಇದರೊಳಗೆ ಬೆಳಕು ಹೋಗುತ್ತಾ? ಒಳ್ಳೆ ಇದ್ದಿಲು ಇದ್ದ ಹಾಗಿದೆಯಲ್ಲೇ!"

ಸೊಸೆ ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕ ಕೊಟ್ಟುಹೋಗಲು ಅವಳ ಪ್ರಯೋಗಾಲಯಕ್ಕೆ ಬಂದ ಅತ್ತೆ, ಅದನ್ನು ಚೀಲದಲ್ಲೇ ಮರೆತು, ಮೇಜಿನ ಮೇಲಿದ್ದ ಗಾಜಿನ ಎಳೆಯನ್ನು ಮೂಸುವಷ್ಟು ಹತ್ತಿರ ಬಗ್ಗಿದ್ದರು. ಕೂದಲಿಗಿಂತ ಕೊಂಚ ದಪ್ಪ, ಅಷ್ಟೇ.

"ಕಣ್ಣಿಗೆ ಕಾಣೋ ಬೆಳಕು ಹೋಗಲ್ಲ ಅತ್ತೆ. ಬಿಸಿ ವಸ್ತುವಿನಿಂದ ಕಣ್ಣಿಗೆ ಕಾಣದ ಬೆಳಕೊಂದು ಹೊರಡುತ್ತಲ್ಲ, ಅದು ಹೋಗುತ್ತೆ. ಕುಲುಮೆ ಒಳಗೆ ಎಷ್ಟು ಬಿಸಿ ಇದೆ ಅಂತ ದೂರದಲ್ಲಿ ಕೂತೇ ತಿಳ್ಕೋಬಹುದು."

"ನಿನಗೆಲ್ಲೋ ಹುಚ್ಚು."

ಸೊಸೆಯ ಕೆಲಸದ ಬಗ್ಗೆ ಅತ್ತೆ ಇಷ್ಟು ವರ್ಷದಲ್ಲಿ ಹೇಳಿದ್ದು ಇದೊಂದೇ. ಒಂದು ಒಳ್ಳೆಯ ಮಾತು? ಊಹೂಂ. ಇವತ್ತು ಸೊಸೆಗೂ ಇದು ಹುಚ್ಚೇ ಅನ್ನಿಸತೊಡಗಿತ್ತು. ಹಿಂದಿನ ಎಳೆಗಳೆಲ್ಲ ಕೈಕೊಟ್ಟಿದ್ದವು. ಇದೂ ಕೈಕೊಟ್ಟರೆ ಈ ಕೆಲಸವನ್ನೇ ನಿಲ್ಲಿಸುವುದಾಗಿ ಮೇಲಧಿಕಾರಿ ಹೇಳಿಬಿಟ್ಟಿದ್ದರು. ಎಳೆಯ ಒಂದು ತುದಿಯ ಮುಂದೆ ಅಂಗೈ ಹಿಡಿಯಲು ಯಾರಾದರೂ ಬೇಕಿತ್ತು, ಜೊತೆಗಾರ್ತಿ ನೋಡಿದರೆ ರಜೆ.

"ಅತ್ತೆ, ಒಂದು ನಿಮಿಷ ಇದರ ಮುಂದೆ ಕೈ ಹಿಡೀತೀರಾ? ಕೈಯ ಬಿಸಿ ಸಾಕು."

"ತಾಳು, ಬಂದೆ." ಏನನ್ನು ಮುಟ್ಟುವುದಿದ್ದರೂ ಕೈ ತೊಳೆಯದೆ ಮುಟ್ಟದ ಅತ್ತೆ, ನಲ್ಲಿಯ ತಣ್ಣೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು ಬಂದರು.

ಸೊಸೆ ಗಾಜಿನ ಗೋಡೆಯಾಚೆಯ ಕೋಣೆಗೆ ಹೋಗಿ, ಬಾಗಿಲು ಹಾಕಿ, ಪರದೆಯ ಮುಂದೆ ಕೂತಳು. ಎಳೆಯಲ್ಲಿ ಬಂದ ಬಿಸಿಯನ್ನು ತೋರಿಸಬೇಕಾದ ಗೆರೆಯೊಂದು ಅಲ್ಲಿ ತೆಪ್ಪಗೆ ಮಲಗಿತ್ತು. ಅತ್ತೆ ಕೈ ಹಿಡಿದರು. ಗೆರೆ ಮಿಸುಕಲಿಲ್ಲ.

"ಮುಗೀತು ಬಿಡಮ್ಮಾ," ಎಂದರು ಹಿಂದೆ ನಿಂತಿದ್ದ ಮೇಲಧಿಕಾರಿ.

ಸೊಸೆಯ ಸಪ್ಪೆ ಮೋರೆ ಗಾಜಿನಾಚೆಯಿಂದ ಅತ್ತೆಗೆ ಕಂಡಿತು. ಎಷ್ಟಾದರೂ ಇದು ಫೋನಿನ ತಂತಿಯಂಥದ್ದೇ ತಾನೇ ಎಂದುಕೊಂಡು ಅವರು ತುದಿಗೆ ಬಾಯಿ ತಾಗುವಷ್ಟು ಬಗ್ಗಿ ಏನೋ ಹೇಳಿದರು.

ಗೆರೆ ಚಂಗನೆ ಎದ್ದಿತು. ಬಿತ್ತು. ಮತ್ತೆ ಎದ್ದಿತು.

"ಉಸಿರಿನ ಬಿಸಿ ಸಾರ್! ಎಳೆ ಸರಿಯಾಗೇ ಇದೆ, ಅವರ ಕೈ ತಣ್ಣಗಿತ್ತು!"

"ಮಾತು ನಿಲ್ಲಿಸಬೇಡಿ ಅಂತ ಹೇಳಮ್ಮಾ ಅವರಿಗೆ!"

"ಅದನ್ನ ಅವರಿಗೆ ಹೇಳಿಕೊಡಬೇಕಾಗಿಲ್ಲ ಸಾರ್."

ಅತ್ತೆ ಸಾಕಷ್ಟು ಹೊತ್ತು ಮಾತಾಡಿದರು. ಕೊನೆಗೆ ಸೊಸೆ ಓಡಿಬಂದು ಅವರನ್ನು ತಬ್ಬಿಕೊಂಡಳು.

"ಏನಂದ್ರಿ ಅತ್ತೆ?"

"ಯಾಕೆ, ಕೇಳಿಸಲಿಲ್ವಾ?"

"ಇದರಲ್ಲಿ ಬಿಸಿ ಮಾತ್ರ ಬರುತ್ತೆ. ಮಾತು ಬರಲ್ಲ."

"ಸದ್ಯ!" ಅತ್ತೆಯ ಮುಖ ಕೆಂಪಗಾಗಿತ್ತು. ಚೀಲದಿಂದ ಕನ್ನಡಕ ತೆಗೆದು ಕೈಗೆ ತುರುಕಿದರು. "ಹಾಕ್ಕೋ ಮೊದಲು. ಕಣ್ಣು ಹಾಳು ಮಾಡ್ಕೋಬೇಡ."

ಸೊಸೆ ಒಳಗೆ ಹೋಗಿ ಕನ್ನಡಕ ಹಾಕಿಕೊಂಡಳು. ಪರದೆಯ ಮೇಲೆ ಅತ್ತೆಯ ಮಾತಿಗೆ ಎದ್ದುಬಿದ್ದ ಗೆರೆಯ ಏರಿಳಿತ ಹಾಗೇ ಉಳಿದಿತ್ತು. ಮೊದಲಿನಿಂದ ಕೊನೆಯವರೆಗೆ ಅದನ್ನು ನಿಧಾನವಾಗಿ ಓದಿದಳು.