ಟ್ರಾಂಟರ್‌ನ ಕೋಟು

"ಆಮೋಸ್ ಪೆಟಿಫರ್!" ಎಂದು ಸಾರ್ಜೆಂಟ್ ಬಾಗಿಲಲ್ಲಿ ನಿಂತು ಹೇಳಿದಾಗ, ಮುದುಕ ಟ್ರಾಂಟರ್‌ನ ಕೈಯಲ್ಲಿದ್ದ ಬಿಯರು ತುಳುಕಿ ಕೆಂಪು ಕೋಟಿನ ಮೇಲೆ ಚೆಲ್ಲಿತು. ಅದು ಅವನದೇ, ಹುಟ್ಟಿದಾಗ ಇಟ್ಟ ನಿಜವಾದ ಹೆಸರು.

"ನಿಮ್ಮ ರೆಜಿಮೆಂಟಿನವನಂತೆ ಕಣಜ್ಜ, ಇವತ್ತು ಬಂದಿದಾನೆ. ನಡಿ, ಗುರುತು ಹೇಳು."

ಥೇಮ್ಸ್ ದಂಡೆಯ ಆ ಆಸ್ಪತ್ರೆಯಲ್ಲಿ ಹಳೆಯ ಸೈನಿಕರಿಗೆ ಸಾಯುವವರೆಗೂ ಊಟ, ಬೆಂಕಿ, ಹಾಸಿಗೆ. ಹೊಸಬನನ್ನು ಅವನ ರೆಜಿಮೆಂಟಿನವನೇ ಗುರುತಿಸಬೇಕು, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಸುಳ್ಳು ಹೆಸರಿನವನು ಸಿಕ್ಕಿಬಿದ್ದರೆ ಆಸ್ಪತ್ರೆಯ ಕೆಂಪು ಕೋಟು ಬಿಚ್ಚಿಸಿ ಬೀದಿಗೆ ಅಟ್ಟುತ್ತಿದ್ದರು. ಎಪ್ಪತ್ತರ ಮೇಲೆ ಜನವರಿಯ ಬೀದಿ ಎಂದರೆ ಸಾವೇ.

ನಡೆಯುತ್ತ ಅವನಿಗೆ ಯೌವನದ ಆ ದಿನ ನೆನಪಾಯಿತು. ಸ್ಪೇನಿನ ಹಿಮದ ದಾರಿ, ರೋಗಿಗಳನ್ನು ಊರಿಗೆ ಸಾಗಿಸುವ ಎತ್ತಿನ ಗಾಡಿ. ಪಕ್ಕದಲ್ಲಿ ಜ್ವರ ಬಂದು ಮಲಗಿದ್ದ ನಿಜವಾದ ಟ್ರಾಂಟರ್. ಆತನ ಕೋಟಿನೊಳಗೆ ಹೊಲಿದ ಬಿಡುಗಡೆ ಪತ್ರದಲ್ಲಿ ಹದಿನೆಂಟು ವರ್ಷದ ಸೇವೆ, ಇವನದರಲ್ಲಿ ಎರಡೇ; ಸೇವೆ ಹೆಚ್ಚಿದ್ದವರಿಗೆ ಮಾತ್ರ ಪಿಂಚಣಿ. ಇವನು ಕೋಟು ಅದಲುಬದಲು ಮಾಡಿ ಮುಂದಿನ ಗಾಡಿ ಹತ್ತಿಬಿಟ್ಟಿದ್ದ. ಉಸಿರಿದೆಯೇ ಎಂದು ಬಗ್ಗಿ ನೋಡಲಿಲ್ಲ. ನೋಡಲು ಹೆದರಿದ ಎನ್ನುವುದೇ ಸರಿ.

ಕ್ಯಾಪ್ಟನ್ನನ ಮೇಜಿನೆದುರು ಎತ್ತರದ ಮುದುಕನೊಬ್ಬ ನಿಂತಿದ್ದ. ಮೇಲ್ತುಟಿಯಲ್ಲಿ ಹಳೆಯ ಸೀಳುಗಾಯ. ಅದೇ ತುಟಿ, ಗಾಡಿಯಲ್ಲಿ ಬಿಟ್ಟುಬಂದ ಅದೇ ಟ್ರಾಂಟರ್!

"ಇವನು ಪೆಟಿಫರ್ ತಾನೆ?" ಎಂದು ಕ್ಯಾಪ್ಟನ್ ಕೇಳಿದ.

ಅಲ್ಲವೆಂದರೆ ತಾನು ಯಾರೆಂದು ಹೇಳಬೇಕಾಗುತ್ತದೆ. "ಹೌದು ಸ್ವಾಮಿ."

ಹೊಸಬ ಅವನನ್ನೇ ದಿಟ್ಟಿಸಿ ನೋಡಿದ. "ಪೆಟಿಫರೇ ಸ್ವಾಮಿ. ನಮ್ಮ ಟ್ರಾಂಟರ್ ಸುಳ್ಳು ಹೇಳೋನಲ್ಲ."

ಊಟದ ಮೇಜಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಹಳೇ ಗೆಳೆಯರು ಸೇರಿದರೆಂದು ಎದುರಿನವರು ಲೋಟ ಎತ್ತಿದರು. ಇವನು ಹೊಸಬನತ್ತ ಬಾಗಿದ.

"ಯಾಕೆ ಹೇಳ್ಲಿಲ್ಲ?" ಎಂದು ಪಿಸುಗುಟ್ಟಿದ.

"ನಾನು ಯಾರೂಂತ ಆವಾಗ್ಲೇ ಹೇಳಿದ್ದೆ ಕಣೋ. ಜ್ವರ ತಲೆಗೇರಿದೆ ಅಂದ್ರು. ಹೊಟ್ಟೆಪಾಡಿಗೆ ನಿನ್ನ ಹೆಸರಲ್ಲೇ ಮತ್ತೆ ಸೇರಿ, ಇನ್ನೊಂದು ಹದಿನೆಂಟು ವರ್ಷ ಸವೆಸ್ದೆ. ಈಗ ಬಾಯಿಬಿಟ್ರೆ ನನ್ನೂ ಆಚೆ ಹಾಕ್ತಾರೆ. ಹಿಮದಲ್ಲಿ ಒಂದ್ಸಲ ಬಿದ್ದಿದ್ದು ಸಾಕು."

ಅವನು ಸಲೀಸಾಗಿ ಕೈಚಾಚಿ ಇವನ ತಟ್ಟೆಯ ಕುರಿಮಾಂಸ ಎತ್ತಿಕೊಂಡ. ಇನ್ನು ಯಾವತ್ತೂ ಇವನು ಬೇಡವೆನ್ನುವಂತಿರಲಿಲ್ಲ.

"ಹಾಸಿಗೆನೂ ನಿನ್ನ ಪಕ್ಕದ್ದೇ ಕೊಟ್ಟಿದಾರೆ," ಎಂದ ಅವನು ಅಗಿಯುತ್ತ. "ಅವತ್ತು ಗಾಡೀಲಿ ನಂಗೆ ಎಚ್ಚರ ಇತ್ತು, ಗೊತ್ತಾ? ಕಣ್ಣು ತೆರೆಯೋಕೆ ಆಗ್ತಿರ್ಲಿಲ್ಲ, ಅಷ್ಟೆ. ನಾನು ನಿನ್ನ ಥರ ಅಲ್ಲಪ್ಪ. ಉಸಿರಿದ್ಯಾ ಅಂತ ದಿನಾ ಬಗ್ಗಿ ನೋಡ್ತೀನಿ."