ಎರಡನೇ ಒಲೆ

ನೊಣ ಗ್ರಾಫಿನ ನೀಲಿ ಕಂಬದ ತುದಿಗೆ ಹತ್ತಿ ಕೂತಿದೆ, ಪರದೆಯ ಬೆಳಕಿನಲ್ಲಿ ಅದೂ ಒಂದು ಅಂಕಿಯ ಹಾಗೆ ಕಾಣುತ್ತಿದೆ, ಯಾರೂ ಓಡಿಸುತ್ತಿಲ್ಲ, ಚಮೋದ್ ಓದುತ್ತಲೇ ಇದ್ದಾನೆ, ಒಟ್ಟು ಕುಟುಂಬಗಳು ಇಷ್ಟು, ಕಟ್ಟಬೇಕಾದ ಮನೆಗಳು ಇಷ್ಟು — ಇಂಗ್ಲಿಷಿನಲ್ಲಿ ಓದುವಾಗ ಅವನ ದನಿಯೇ ಬೇರೆ, ಇಲಾಖೆಯಲ್ಲಿ ಕೆಲಸ ಮಾಡುವವರ ದನಿ, ಈ ತರಗತಿಯಲ್ಲಿ ಮುಕ್ಕಾಲು ಜನ ಹೀಗೇ, ವಾರವೆಲ್ಲ ಕಚೇರಿ, ಶನಿವಾರ ಬಂತೆಂದರೆ ಸಾರ್ವಜನಿಕ ನೀತಿಯ ಎಂ.ಎ., ಮಧ್ಯಾಹ್ನ ಎಲ್ಲರೂ ಅನ್ನದ ಪೊಟ್ಟಣ ಬಿಚ್ಚಿ ತಮ್ಮ ತಮ್ಮ ಡೈರೆಕ್ಟರುಗಳನ್ನು ಬೈಯುತ್ತಾ ಉಣ್ಣುತ್ತಾರೆ, ಬೈಯಲು ನನಗೆ ಡೈರೆಕ್ಟರಿಲ್ಲ, ನಾನು ಗೋಡೆ ಕಡೆಯ ಕುರ್ಚಿಯಲ್ಲಿ ಕೂತು ತೆಂಗಿನಕಾಯಿ ಸಂಬೋಲದ ಖಾರಕ್ಕೆ ಮೂಗು ಸೀಟುತ್ತೇನೆ, ಇಮೇಷಾ ಒಬ್ಬಳು ಮಾತ್ರ ತಿರುಗಿ, ಏನೇ ನಂಗಿ, ಅಳ್ತಿದ್ದೀಯಾ ಉಣ್ತಿದ್ದೀಯಾ ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ. ನಂಗಿ ಅಂದರೆ ತಂಗಿ. ಕೊಲಂಬೊದಲ್ಲಿ ನನ್ನನ್ನು ತಂಗಿ ಅನ್ನುವವಳು ಇವಳೊಬ್ಬಳೇ, ಅದೂ ಶನಿವಾರಗಳಲ್ಲಿ, ಭಾನುವಾರ ಹಾಸ್ಟೆಲಿನಲ್ಲಿ ನನ್ನ ಗಂಟಲು ಕೆಲಸವಿಲ್ಲದೆ ಕಟ್ಟಿಕೊಳ್ಳುತ್ತದೆ, ಬಟ್ಟೆ ಒಗೆಯುವಾಗ ನಲ್ಲಿಗೆ ತಮಿಳಿನಲ್ಲಿ ಏನೋ ಒಂದು ಹೇಳುತ್ತೇನೆ, ದನಿ ಇದೆಯೋ ಹೋಯಿತೋ ನೋಡಲು. ಇವತ್ತು ಮಾತಾಡಲೇಬೇಕು. ಎರಡೇ ವಾಕ್ಯ, ಸಿಂಹಳದಲ್ಲಿ ಬಾಯಿಪಾಠ ಮಾಡಿಕೊಂಡಿದ್ದೇನೆ: ಸರ್, ಒಲೆ ಎಣಿಸಿದರೆ ಕುಟುಂಬ ಸಿಗುವುದಿಲ್ಲ, ಜಾಗವಿಲ್ಲದವರು ಒಲೆ ಎಲ್ಲಿ ಹಾಕುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಸಮುದ್ರದ ಕಡೆ ಮುಖ ಮಾಡಿ ಹೇಳಿಕೊಂಡೆ, ಪಕ್ಕದಲ್ಲಿದ್ದ ಹೆಂಗಸು ಚೀಲ ಎತ್ತಿಕೊಂಡು ಆಚೆ ಸೀಟಿಗೆ ಹೋದಳು.

ಸೋಮವಾರ ವರದಿ ಇಲಾಖೆಗೆ ಹೋಗುತ್ತದೆ, ತರಗತಿಯ ಅಭ್ಯಾಸ ಅಂತ ಶುರುವಾದದ್ದು ಈಗ ನಿಜದ ಕೆಲಸ, ಆ ಟೀ ತೋಟದ ಕೂಲಿಗಳ ಲೈನ್ ಮನೆಗಳಲ್ಲಿ ಎಷ್ಟು ಕುಟುಂಬ ಅಂತ ನಾವು ಬರೆಯುತ್ತೇವೋ ಅಷ್ಟೇ ಹೊಸ ಮನೆ, ಕುಟುಂಬ ಅಂದರೆ ಏನು ಅಂತ ವಿಜೇಕೋನ್ ಸರ್ ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿದ್ದರು, ಒಂದೇ ಒಲೆಯಲ್ಲಿ ಬೆಂದದ್ದನ್ನು ತಿನ್ನುವವರು ಒಂದು ಕುಟುಂಬ, ಎಲ್ಲರೂ ಬರೆದುಕೊಂಡರು, ನಾನೂ ಅಂದವಾದ ಅಕ್ಷರದಲ್ಲಿ ಬರೆದುಕೊಂಡೆ, ಆಗ ಹೊಳೆಯಲಿಲ್ಲ — ಊರಿನ ನಮ್ಮ ಲೈನ್ ಮನೆಯಲ್ಲೂ ಒಂದೇ ಒಲೆ, ಅಮ್ಮ, ಅಣ್ಣ, ಅತ್ತಿಗೆ, ಅವರ ಕೂಸು, ನಾನು, ನಡುವೆ ಅಮ್ಮನ ಹಳೆಯ ಸೀರೆಯ ಪರದೆ, ಅತ್ತಿಗೆ ಬಸುರಿಯಾದಾಗ ಅಮ್ಮ ಹೊರಗಿನ ಜಗಲಿಯಲ್ಲಿ ಮಲಗಲು ಶುರು ಮಾಡಿದಳು, ಸೆಖೆ ಕಣೇ ಒಳಗೆ ಅನ್ನುತ್ತಿದ್ದಳು, ಆ ಬೆಟ್ಟದ ಮಂಜಿನಲ್ಲಿ, ಸೆಖೆ. ನಾವು ಎಣಿಸಲು ಹೋದ ಮಾರಿಯಾಯಿ ಅಜ್ಜಿಯ ಮನೆಯೂ ಹಾಗೇ, ಒಂದು ಕೋಣೆ, ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು, ಇಮೇಷಾ ಪ್ರಶ್ನೆ ಓದಿದಳು, ನಾನು ತಮಿಳು ಮಾಡಿದೆ, ಎಲ್ಲರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಳ್ತೀರಾ ಅಜ್ಜಿ, ಅಜ್ಜಿ ನಕ್ಕಿತು, ಮತ್ತಿನ್ನೇನಮ್ಮ, ಒಬ್ಬೊಬ್ಬರ ಹೊಟ್ಟೆಗೂ ಒಂದೊಂದು ಒಲೆ ಹಾಕೋಕೆ ನಾನೇನು ಹೋಟ್ಲು ಇಟ್ಟಿದ್ದೀನಾ, ನಾನು ನಗು ಬಿಟ್ಟು ಉಳಿದದ್ದು ಹೇಳಿದೆ: ಒಂದು. ಚಮೋದನ ಬೆರಳು ಟ್ಯಾಬಿನ ಮೇಲೆ ಒಂದನ್ನು ಒತ್ತಿತು. ಅಜ್ಜಿಯ ಕಣ್ಣು ಆ ಬೆರಳಿನ ಹಿಂದೆಯೇ ಹೋಯಿತು, ಯಾಕಮ್ಮಾ, ಒಂದೇ ಅಂತ ಹಾಕ್ಕೊಂಡ್ರಾ, ಒಲೆ ಯಾಕೆ ಕೇಳಿದ್ದು ಇವರು? ಕಾರಣ ಹೇಳಬಾರದು, ಅದು ನಮ್ಮ ನಿಯಮ, ಕಾರಣ ಗೊತ್ತಾದರೆ ಉತ್ತರ ಕೆಡುತ್ತದೆ, ನಾನು ಚಪ್ಪಲಿ ಹುಡುಕಿದೆ, ಅಜ್ಜಿ ನನ್ನ ಮುಖವನ್ನೇ ನೋಡಿತು, ಸುಮ್ಮನಿರಲು ನನ್ನ ಮುಖಕ್ಕೆ ಬರುವುದಿಲ್ಲ.

ಮರುದಿನ ಮರುಪರಿಶೀಲನೆಗೆ ಹೋದರೆ ಬಾಗಿಲ ಹೊರಗೆ ಗಾಳಿಗೆ ಎದುರಾಗಿ ಮೂರು ಕಲ್ಲು, ಅದರ ಮೇಲೊಂದು ಪಾತ್ರೆ, ಕೆಳಗೆ ಟೀ ಗಿಡದ ಹಸಿ ಕಡ್ಡಿ ಹೊಗೆಯುತ್ತಿದೆ, ಅಜ್ಜಿ ಊದುತ್ತಾ ಕೂತಿದೆ, ಚಿಕ್ಕ ಸೊಸೆ ಸೆಲ್ವಿ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಾಳೆ, ನಾಟಕದಲ್ಲಿ ಮಾತು ಮರೆತವಳ ಹಾಗೆ, ಇದು ಚಿಕ್ಕವನ ಸಂಸಾರದ ಒಲೆ, ಬೇರೆ ಅಡುಗೆ ಇವರದ್ದು, ಹೇಳಮ್ಮ ಆ ಸಾಹೇಬರಿಗೆ ಅಂದಿತು ಅಜ್ಜಿ, ಚಮೋದ್ ಪೆನ್ನಿನಿಂದ ಮುಚ್ಚಳ ಎತ್ತಿ ನೋಡಿ, ಅಯ್ಯೋ ಬರೀ ನೀರು ಕಣ್ರೋ, ನಿನ್ನೆ ಕೇಳಿದ್ವಿ, ಇವತ್ತು ಒಲೆ ಹುಟ್ಕೊಂಡಿದೆ, ನಾವು ನಾಳೆ ಬಂದ್ರೆ ಅಡುಗೆಭಟ್ಟನೂ ಬಂದಿರ್ತಾನೆ ಅಂದ, ಸುಮ್ನಿರೋ ಪಾಪ, ಅಂದಳು ಇಮೇಷಾ, ಅವನು ಫೋಟೋ ಹೊಡೆದ, ಒಂದನ್ನು ಎರಡು ಮಾಡಿ ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ ಹಾಕಿದ. ಆ ಫೋಟೋ ಈಗ ಪರದೆಯ ಮೇಲಿದೆ, ನೊಣ ಹಾರಿಹೋಗಿದೆ, ತರಗತಿ ನಗುತ್ತಿದೆ, ಕೆಟ್ಟ ನಗುವಲ್ಲ, ಪಠ್ಯದಲ್ಲಿ ಓದಿದ್ದು ಕಣ್ಣೆದುರು ಬಂದಾಗ ಬರುತ್ತದಲ್ಲ ಆ ನಗು, ನನ್ನ ಎರಡು ವಾಕ್ಯ ಇನ್ನೊಮ್ಮೆ ಒಳಗೇ ಹೇಳಿಕೊಳ್ಳುತ್ತೇನೆ, ಈಗ, ಈಗ ಎದ್ದು ನಿಂತರೆ — ಕೈ ಎತ್ತಿದೆ, ಕಿವಿಯವರೆಗೆ ಬಂದ ಕೈ ಜಡೆ ಸರಿಮಾಡಿಕೊಂಡು ಇಳಿಯಿತು. ವಿಜೇಕೋನ್ ಸರ್ ನಗುತ್ತಿಲ್ಲ. ಅವರು ಒಳ್ಳೆಯವರು, ಅದೇ ಕಷ್ಟ. ಒಲೆ ನಿಜವಾದರೆ ಎರಡು ಕುಟುಂಬ, ಅಂದರೆ ಎರಡು ಮನೆ, ತೋರಿಕೆಯದ್ದಾದರೆ ಒಂದು, ಫೋಟೋ ನೋಡಿ ತೀರ್ಮಾನ ಮಾಡೋದು ತಪ್ಪು ಚಮೋದ್ ಅನ್ನುತ್ತಾ ನನ್ನ ಕಡೆ ತಿರುಗಿದರು, ತವಮಲರ್, ನೀವೆಲ್ಲ ಆ ಲೈನು ಬಿಟ್ಟಾಗ ಕೊನೆಗೆ ಬಂದವಳು ನೀನು, ಭಾಷೆಯೂ ನಿನ್ನದೇ, ಒಂದೇ ಮಾತು ಹೇಳು, ಆ ಪಾತ್ರೆಯಿಂದ ಯಾರ ಬಾಯಿಗಾದರೂ ಏನಾದರೂ ಹೋಯಿತಾ?

ಎಲ್ಲರೂ ತಿರುಗಿದ್ದಾರೆ, ಫ್ಯಾನಿನ ಸದ್ದು, ಕುರ್ಚಿ ಕಿರುಗುಟ್ಟಿದ್ದು ನನ್ನದೇ, ಯಾರ ಬಾಯಿಗಾದರೂ — ಆವತ್ತು ಅವರೆಲ್ಲ ಮುಂದಿನ ಮನೆಯ ಬಾಗಿಲಿಗೆ ಹೋಗಿದ್ದರು, ನಾನು ಹಿಂದೆ ಉಳಿದಿದ್ದೆ, ತಪ್ಪಾಯ್ತು ಅಜ್ಜಿ ಅನ್ನಬೇಕೆಂದು, ಅಷ್ಟರಲ್ಲಿ ಅಜ್ಜಿ ಒಳಗೆ ಹೋಗಿ ಕಾಗದದ ಚೂರಿನಲ್ಲಿ ಸುತ್ತಿದ್ದ ಟೀ ಪುಡಿ ತಂದು ಆ ನೀರಿಗೆ ಹಾಕಿತು, ಕುದಿಸಿತು, ಸೆರಗಿನಲ್ಲಿ ಹಿಡಿದು ಲೋಟಕ್ಕೆ ಬಗ್ಗಿಸಿತು, ಬೆಲ್ಲದ ತುಂಡು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿತು, ಕುಡಿ ಮಗಳೇ, ಬೆಳಗಿನಿಂದ ಏನೂ ತಿಂದಿಲ್ಲ ಅಂತ ನಿನ್ನ ಮುಖವೇ ಹೇಳ್ತಿದೆ. ಕೊಲಂಬೊಗೆ ಬಂದ ಮೇಲೆ ನನ್ನ ಭಾಷೆಯಲ್ಲಿ ಯಾರೂ ನನಗೆ ಕುಡಿ ಅಂದಿರಲಿಲ್ಲ, ಹೋದ ಮನೆಯಲ್ಲಿ ಏನನ್ನೂ ಮುಟ್ಟಬಾರದು, ಅದೂ ನಿಯಮವೇ, ನಾನು ನಿಂತೇ ಕುಡಿದೆ, ನಾಲಿಗೆ ಸುಟ್ಟಿತು, ಹೊಗೆಯ ವಾಸನೆ, ಬೆಲ್ಲ, ಅಜ್ಜಿ ಸೆಲ್ವಿಯ ಕಡೆ ತಿರುಗಿ ನಕ್ಕಿತು, ನೋಡೇ, ನಮ್ಮ ಈ ಒಲೆಗೂ ಒಬ್ಬಳು ಬಂದಳು. ಹೇಳು ತವಮಲರ್, ಹೆದರಬೇಡ, ಅನ್ನುತ್ತಿದ್ದಾರೆ ಸರ್, ನಿಯಮ ಮುರಿದು ನಾನೇ ಕುಡಿದೆ ಅಂತ ಹೇಳಿದರೆ ಇಡೀ ಲೈನಿನ ಲೆಕ್ಕ ಕೆಡುತ್ತದೆ, ಇವಳೇ ಕುಡಿದಳಂತೆ ಅಂತ ಚಮೋದ್ ಮೇಜು ಬಡಿಯುತ್ತಾನೆ, ಹಾಗಾದ್ರೆ ಇವಳನ್ನೂ ಆ ಮನೆಗೇ ಸೇರಿಸಿ ಸರ್ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ, ನನ್ನ ಸಿಂಹಳ ತೊದಲುತ್ತದೆ, ನಾನೂ ನಗಬೇಕಾಗುತ್ತದೆ — ಇಲ್ಲ ಸರ್. ನನ್ನ ದನಿಯೇ. ಸ್ಪಷ್ಟವಾಗಿ ಬಂತು, ತೊದಲಲಿಲ್ಲ. ಯಾರೂ ಏನೂ ಕುಡಿಯಲಿಲ್ಲ ಸರ್. ಸರ್ ತಲೆಯಾಡಿಸಿದರು, ಧನ್ಯವಾದ ಅಂದರು, ಚಮೋದ್ ಕೀ ಒತ್ತಿದ, ಎರಡಿದ್ದದ್ದು ಒಂದಾಯಿತು, ಕೊನೆಯ ಮೊತ್ತವೂ ತಾನಾಗಿ ಒಂದು ಇಳಿಯಿತು, ಇಮೇಷಾ ಪಕ್ಕದಿಂದ ನನ್ನ ಮೊಣಕೈ ಮುಟ್ಟಿ, ಪರವಾಗಿಲ್ವೇ ನಂಗಿ, ನಿನಗೂ ಬಾಯಿದೆ, ಅಂದಳು, ಮುಂದಿನ ಹಾಳೆ, ಮುಂದಿನ ತೋಟ, ನೀಲಿ ಕಂಬ, ಹಸಿರು ಕಂಬ, ಅವನು ಓದುತ್ತಿದ್ದಾನೆ, ನಾನು ಬರೆದುಕೊಳ್ಳಬೇಕು, ಪೆನ್ನು ಹಿಡಿಯಲು ಹೋದರೆ ಅಂಗೈ ಮುಚ್ಚಿಯೇ ಇದೆ, ಹೊಗೆಯೊಳಗಿಂದ ಒಂದು ಕೈ, ಸೆರಗಿನಲ್ಲಿ ಸುತ್ತಿದ ಸ್ಟೀಲ್ ಲೋಟ, ಕುಡಿ ಮಗಳೇ, ಕಪ್ಪು ಟೀಯ ಮೇಲೆ ಬೂದಿಯ ಒಂದು ಕಣ ತೇಲುತ್ತಿದೆ, ಲೋಟ ಚಾಚಿದ ಕೈ ಹಾಗೇ ಇದೆ, ಕುಡಿ, ಕೈ ಹಾಗೇ